ಬಣ್ಣ ಬಿಡದ ಪೆನ್ನು

ನಾನು ಒಂದು ಮರದ ಪೆನ್ನು. ನನ್ನ ದೆಸೆಯಿಂದ ಒಬ್ಬ ಒಳ್ಳೆಯ ಹೆಂಗಸಿನ ಮರ್ಯಾದೆ ಹೋಯಿತು. ತಪ್ಪು ನನ್ನದಲ್ಲ, ಅವಳದೂ ಅಲ್ಲ. ತಪ್ಪು ಯಾರದೆಂದು ಬಲ್ಲವರು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾರೆ. ಹಾಗಾಗಿ ಬಾಯಿಲ್ಲದ ನಾನೇ ಈ ಕಥೆ ಹೇಳಬೇಕಾಗಿ ಬಂದಿದೆ. ಸಿಟ್ಟಿನಲ್ಲೇ ಹೇಳುತ್ತೇನೆ, ಕೇಳಿ.

ಚನ್ನಪಟ್ಟಣದ ಬೊಂಬೆ ಮಾಡುವವರ ಬೀದಿಯಲ್ಲಿ, ಚನ್ನಾಜಮ್ಮನ ಮನೆಯ ಮುಂದಿನ ಕೋಣೆಯಲ್ಲಿ ನಾನು ಹುಟ್ಟಿದೆ. ಹಾಲೆ ಮರದ ತುಂಡೊಂದನ್ನು ಅವಳು ಲೇತ್ ಮಷೀನಿಗೆ ಸಿಕ್ಕಿಸಿ, ಉಳಿ ಹಿಡಿದು, ಬೆರಳಿನ ಗಾತ್ರಕ್ಕೆ ಇಳಿಸಿದಳು. ಆಮೇಲೆ ಗಿರಗಿರ ತಿರುಗುತ್ತಿದ್ದ ನನ್ನ ಮೈಗೆ ಕೆಂಪು ಅರಗಿನ ಕಡ್ಡಿ ಒತ್ತಿದಳು. ಉಜ್ಜಿದ ಬಿಸಿಗೆ ಅರಗು ಕರಗಿ ಮೈತುಂಬ ಹತ್ತಿಕೊಂಡಿತು. ಅದರ ಮೇಲೆ ತಾಳೆಗರಿ ಹಿಡಿದಳು ನೋಡಿ, ನಾನು ಥಳಥಳ ಹೊಳೆದೆ. ಮದುವಣಗಿತ್ತಿಯ ಉಗುರಿನಷ್ಟು ಕೆಂಪಗಿದ್ದೆ.

ಆ ಬೀದಿಯಲ್ಲಿ ಹುಟ್ಟಿದ್ದಕ್ಕೆಲ್ಲ ಅರಗೇ ಅಂಗಿ. ಬುಗುರಿಗೂ ಅದೇ, ಗಿಲಕಿಗೂ ಅದೇ, ಮರದ ಕುದುರೆಗೂ ಅದೇ. ಅವುಗಳಿಗೆ ಅದು ಒಪ್ಪುತ್ತದೆ, ನಾನೇನೂ ಅಲ್ಲಗಳೆಯುವುದಿಲ್ಲ. ಆದರೆ ಪೆನ್ನು ಬುಗುರಿಯೇ? ಅದು ಬೆವರುವ ಬೆರಳುಗಳ ನಡುವೆ ದಿನವಿಡೀ ಬಾಳಬೇಕು. ಯಾರ ಕೈಗೆ ಹೋಗುತ್ತದೆ, ಆ ಕೈಗೆ ಏನೇನು ಹತ್ತಿರುತ್ತದೆ ಎಂದು ಒಂದು ಗಳಿಗೆ ಯೋಚಿಸಬೇಕಿತ್ತು. ಚನ್ನಾಜಮ್ಮ ಯೋಚಿಸಲಿಲ್ಲ. ರೂಢಿಯ ಕೈ ತಾನಾಗಿ ಅರಗಿನ ಕಡ್ಡಿಗೆ ಹೋಯಿತು.

ಪ್ರೀತಿಯಿಂದಲೇ ಮಾಡಿದಳೆನ್ನಿ. ಆ ಬೇಸಿಗೆಯಲ್ಲಿ ಅವಳಿಗೆ ಗರ್ಭಕೋಶದ ಆಪರೇಷನ್ ಆಗಿ, ಊರಿನ ಒಂದು ನರ್ಸಿಂಗ್ ಹೋಮಿನಲ್ಲಿ ಮಲಗಿದ್ದಳು. ಅಲ್ಲಿನ ನರ್ಸು ಗ್ಲಾಡಿಸ್ ಅವಳನ್ನು ಒಡಹುಟ್ಟಿದ ಅಕ್ಕನಂತೆ ನೋಡಿಕೊಂಡಳು. ತಲೆ ಬಾಚಿದಳು, ಗಂಜಿ ಕುಡಿಸಿದಳು, ನೋವಿಗೆ ಅತ್ತಾಗ ಕೈ ಹಿಡಿದು ಕೂತಳು. ಆ ಋಣಕ್ಕೆ ನಾನು ಉಡುಗೊರೆ. ಗ್ಲಾಡಿಸ್ ನನ್ನನ್ನು ಕೆನ್ನೆಗೆ ಒತ್ತಿಕೊಂಡು, "ಅಯ್ಯೋ ಚನ್ನಾಜಕ್ಕ, ಇಷ್ಟು ಚೆಂದದ್ದನ್ನ ನಾನು ಬರೆದು ಸವೆಸೋದಾ!" ಎಂದು ನಕ್ಕಳು. ಬಿಳಿ ಕೋಟಿನ ಜೇಬಿನಲ್ಲಿ ಕೂತು ನಾನೂ ಬೀಗಿದೆ.

ಆ ಹೆಮ್ಮೆ ಎರಡು ದಿನವೂ ಉಳಿಯಲಿಲ್ಲ. ಒಬ್ಬೊಬ್ಬ ರೋಗಿಯನ್ನು ಮುಟ್ಟಿದ ಮೇಲೂ ಸ್ಪಿರಿಟ್ ಬೆರೆತ ಸ್ಯಾನಿಟೈಜರಿನಿಂದ ಕೈ ಉಜ್ಜಿಕೊಳ್ಳುವುದು ಅಲ್ಲಿನ ನಿಯಮ. ಗ್ಲಾಡಿಸ್ ನಿಯಮ ತಪ್ಪುವವಳಲ್ಲ. ಸ್ಪಿರಿಟ್ ತಗುಲಿದರೆ ಅರಗು ಕರಗುತ್ತದೆ. ಅವಳು ಹಸಿ ಕೈಯಲ್ಲಿ ನನ್ನನ್ನು ಹಿಡಿದಾಗಲೆಲ್ಲ ನನ್ನ ಮೈ ಅಂಟಂಟಾಯಿತು, ಅವಳ ಬೆರಳು ಕೆಂಪಾಯಿತು.

ಅವತ್ತು ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದರು. ಬಾಣಂತಿಯೊಬ್ಬಳ ಬಿಳಿ ಹೊದಿಕೆಯ ಮೇಲೆ ಕೆಂಪು ಬೆರಳಿನ ಗುರುತು ಕಂಡಿತು. ಗ್ಲಾಡಿಸಳ ಕೈ ನೋಡಿದರು.

"ಏನಮ್ಮಾ ಇದು? ಒಬ್ಬರ ರಕ್ತ ತಂದು ಇನ್ನೊಬ್ಬರಿಗೆ ಬಳೀತಿದೀಯಾ? ಕೈ ತೊಳೆಯೋದನ್ನೂ ನಾನೇ ಹೇಳಿಕೊಡಬೇಕಾ?"

ಇಡೀ ವಾರ್ಡು ತಿರುಗಿ ನೋಡಿತು. ಬಾಣಂತಿಯ ತಾಯಿ ಮಗುವನ್ನು ಸರಕ್ಕನೆ ತನ್ನ ಮಡಿಲಿಗೆ ಎಳೆದುಕೊಂಡಳು. ಗ್ಲಾಡಿಸ್ ಓಡಿಹೋಗಿ ಕೈ ಉಜ್ಜಿಕೊಂಡು ಬಂದು, ಡಾಕ್ಟರು ಹೇಳಿದ್ದನ್ನು ಬರೆಯಲು ನನ್ನನ್ನೇ ಹಿಡಿದಳು. ಮತ್ತೆ ಕೆಂಪು! ಶುಚಿ ಮಾಡಿಕೊಂಡಷ್ಟೂ ಅವಳ ಕೈ ಕೊಳಕಾಗಿ ಕಂಡಿತು. ಇದಕ್ಕಿಂತ ಅನ್ಯಾಯ ಇದೆಯೇ? ಕೊನೆಗೆ ಅವಳಿಗೆ ಹೊಳೆದು ನನ್ನನ್ನು ಎತ್ತಿ ತೋರಿಸಿದಳು. "ಸರ್, ರಕ್ತ ಅಲ್ಲ, ಈ ಪೆನ್ನಿನ ಬಣ್ಣ" ಎಂದಳು. ಡಾಕ್ಟರು ನನ್ನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ನೆಪ ಹೇಳಬೇಡ. ನಾಳೆಯಿಂದ ಚೀಟಿ ಬರೆಯೋ ಕಿಟಕೀಲಿ ಕೂತ್ಕೋ. ರೋಗಿಗಳನ್ನ ಮುಟ್ಟಬೇಡ."

ಹದಿನೆಂಟು ವರ್ಷ ರೋಗಿಗಳ ಸೇವೆ ಮಾಡಿದ ಕೈಗೆ ಸಿಕ್ಕ ಬಹುಮಾನ ಅದು. ನನ್ನ ಮೈಯೆಲ್ಲ ಉರಿದುಹೋಯಿತು.

ಸಂಜೆ ಗ್ಲಾಡಿಸ್ ನೇರವಾಗಿ ಚನ್ನಾಜಮ್ಮನ ಮನೆಗೆ ಬಂದಳು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಅವಳ ಕಣ್ಣೆದುರೇ ನನ್ನನ್ನು ಒರೆಸಿದಳು. ಹತ್ತಿ ಕೆಂಪಾಯಿತು. ಚನ್ನಾಜಮ್ಮನ ಮುಖ ಬಿಳಿಚಿತು.

"ನಾನು ಹೇಳಿದ್ರೆ ನೆಪ ಅಂತಾರೆ ಅಕ್ಕ. ಮಾಡಿದವರು ನೀವು. ವಾರ್ಡಿಗೆ ಬಂದು, ಎಲ್ಲರ ಮುಂದೆ ಒಂದು ಮಾತು ಹೇಳಿ ಸಾಕು. ಮತ್ತೇನೂ ಬೇಡ ನನಗೆ."

"ಬತ್ತೀನಿ ಕನ ಸಿಸ್ಟರಮ್ಮ. ನಿನ್ನಾಣೆಗೂ ನಾಳೆ ಬತ್ತೀನಿ" ಎಂದಳು ಚನ್ನಾಜಮ್ಮ.

ಒಳಗಿನಿಂದ ಕೇಳಿಸಿಕೊಂಡಿದ್ದ ಅವಳ ಗಂಡ ಬೋರಲಿಂಗು, ಗ್ಲಾಡಿಸ್ ನನ್ನನ್ನು ಅಲ್ಲೇ ಬಿಟ್ಟು ಅತ್ತ ಹೋದದ್ದೇ ತಡ, ಹೊರಗೆ ಬಂದ. "ಈ ಬೀದೀಲಿ ಒಲೆ ಉರೀತಿರೋದೆಲ್ಲ ಅರಗಿನಿಂದ. ಆಸ್ಪತ್ರೇಲಿ ನಿಂತ್ಕಂಡು ಅರಗು ಬಣ್ಣ ಬುಡ್ತದೆ ಅಂತ ನೀನೇ ಸಾರಿ ಬಂದ್ರೆ, ನಾಳೆ ನಮ್ಮನ್ನ ಯಾರು ಮಾತಾಡಿಸ್ತಾರೆ? ಪೆನ್ನು ಸರಿ ಮಾಡ್ಕೊಡು, ಮುಗೀತು."

ಚನ್ನಾಜಮ್ಮ ಮಾರನೆಯ ದಿನ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಅದರ ಬದಲು ನನ್ನ ಚರ್ಮ ಸುಲಿದಳು.

ಮರಳುಕಾಗದದಲ್ಲಿ ತಿಕ್ಕಿ ತಿಕ್ಕಿ ಅರಗನ್ನೆಲ್ಲ ಕಿತ್ತಳು. ತಕ್ಷಣ ಅಂಟುವ ಗೋಂದನ್ನು ತಂದು ಪದರದ ಮೇಲೆ ಪದರ ಸವರಿದಳು. ನಾನು ಗಾಜಿನ ಹಾಗೆ ಗಟ್ಟಿಯಾದೆ, ಹೊಳೆದೆ. ಸ್ಪಿರಿಟ್ಟಿಗೂ ಜಗ್ಗಲಿಲ್ಲ. ಆದರೆ ಸಿಮೆಂಟಿನ ನೆಲಕ್ಕೆ ಒಮ್ಮೆ ಬಿದ್ದದ್ದೇ ಸಾಕು, ಚಕ್ಕೆ ಎದ್ದಿತು. ಮತ್ತೆ ಸುಲಿದಳು. ಕುರ್ಚಿ ಮೇಜಿಗೆ ಬಳಿಯುವ ವಾರ್ನಿಶ್ ಹಚ್ಚಿದಳು. ಅದು ದಪ್ಪಗಾಗಿ, ನಾನು ಕೈಯಿಂದ ಜಾರತೊಡಗಿದೆ. ಮತ್ತೆ ಸುಲಿದಳು. ಒಂದೊಂದು ಸಲವೂ ನಾನು ತೆಳ್ಳಗಾದೆ. ಒಂದೊಂದು ಸಲವೂ, "ಇದೊಂದು ಒಣಗ್ಲಿ, ತಕ್ಕೊಂಡೇ ಹೋಗಿ ಹೇಳ್ತೀನಿ" ಎಂದು ತನಗೆ ತಾನೇ ಹೇಳಿಕೊಂಡಳು. ಒಣಗಬೇಕಾದದ್ದು ನಾನಂತೆ! ಒಂದು ಮಾತು ಆಡಲು ಪೆನ್ನು ಯಾಕೆ ಒಣಗಬೇಕು? ನಾಲಗೆ ಇದ್ದರೆ ಸಾಲದೇ?

ಕೊನೆಗೆ ಅಗಸೆ ಎಣ್ಣೆ. ಬಟ್ಟೆಯಲ್ಲಿ ತೆಳ್ಳಗೆ ಸವರಿ, ಉಳಿದದ್ದನ್ನು ಒರೆಸಿ, ಬಿಸಿಲಿಗಿಟ್ಟು, ಪೂರ್ತಿ ಒಣಗಿದ ಮೇಲೆ ಇನ್ನೊಂದು ಪದರ. ಹೀಗೆ ಮಳೆಗಾಲವೇ ಕಳೆಯಿತು. ಎಣ್ಣೆ ನನ್ನ ಮೇಲೆ ಕೂರದೆ ಒಳಗೆ ಇಳಿಯಿತು. ಹೊಳಪು ಕಡಿಮೆ, ಬಣ್ಣ ಜೇನಿನದು. ಬೆವರು, ನೀರು, ಸ್ಪಿರಿಟ್ ಯಾವುದಕ್ಕೂ ನಾನು ಬಗ್ಗಲಿಲ್ಲ. ನಿಜ ಹೇಳುತ್ತೇನೆ, ಅಂಥ ಕೆಲಸ ಆ ಬೀದಿಯಲ್ಲಿ ಯಾರೂ ಮಾಡಿರಲಿಲ್ಲ. ಆದರೆ ಅಷ್ಟು ದಿನವೂ ಗ್ಲಾಡಿಸ್ ಕಿಟಕಿಯಲ್ಲೇ ಕೂತಿದ್ದಳು.

ಚನ್ನಾಜಮ್ಮ ನನ್ನನ್ನು ಹೊಸ ಕರ್ಚೀಫಿನಲ್ಲಿ ಸುತ್ತಿಕೊಂಡು ನರ್ಸಿಂಗ್ ಹೋಮಿಗೆ ಹೋದಳು. ಗ್ಲಾಡಿಸ್ ಸೊರಗಿದ್ದಳು. ಕಿಟಕಿಯಾಚೆಯಿಂದಲೇ ನನ್ನನ್ನು ತೆಗೆದುಕೊಂಡು, ಸ್ಪಿರಿಟ್ ಹತ್ತಿಯಿಂದ ಒರೆಸಿ ನೋಡಿದಳು. ಹತ್ತಿ ಬೆಳ್ಳಗೇ ಇತ್ತು.

ಅದೇ ಹೊತ್ತಿಗೆ ದೊಡ್ಡ ಡಾಕ್ಟರು ಮೆಟ್ಟಿಲಿಳಿದು ಬಂದರು. ಗ್ಲಾಡಿಸ್ ಎದ್ದು ನಿಂತು ಚನ್ನಾಜಮ್ಮನನ್ನೇ ನೋಡಿದಳು. ಹೇಳು, ಈಗ ಹೇಳು ಎಂದು ನಾನು ಒಳಗೇ ಚೀರಿದೆ.

ಚನ್ನಾಜಮ್ಮ ಸೆರಗು ಸರಿ ಮಾಡಿಕೊಂಡು ಕೈ ಮುಗಿದಳು. "ನಮಸ್ಕಾರ ಡಾಕ್ಟ್ರೇ" ಎಂದಳು.

"ಆಪರೇಷನ್ ಆದೋರಲ್ವಾ? ಹೇಗಿದ್ದೀರಿ?"

"ಚೆನ್ನಾಗಿವ್ನಿ ಸ್ವಾಮಿ. ನಿಮ್ಮ ದಯ."

ಅಷ್ಟೇ. ಡಾಕ್ಟರು ಹೋದರು. ಗ್ಲಾಡಿಸ್ ನನ್ನನ್ನು ಕರ್ಚೀಫಿನಲ್ಲಿ ಮತ್ತೆ ಸುತ್ತಿ, ಚನ್ನಾಜಮ್ಮನ ಕೈಯಲ್ಲಿಟ್ಟು, "ನೆಕ್ಸ್ಟ್" ಎಂದು ಹಿಂದಿನವರನ್ನು ಕರೆದಳು. ಅಕ್ಕ ಎನ್ನಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಒಳಗಿನ ಶಾಯಿ ಕಡ್ಡಿ ಒಣಗಿದೆ, ಬರೆಯುವುದಿಲ್ಲ. ಚನ್ನಾಜಮ್ಮನ ಎಣ್ಣೆ ಪೆನ್ನುಗಳಿಗೆ ಈಗ ದೂರದೂರದಿಂದ ಜನ ಬರುತ್ತಾರೆ. ಅವರಿಗೆ ತೋರಿಸಲು ನನ್ನನ್ನು ಮಷೀನಿನ ಪಕ್ಕದ ಹಲಗೆಯ ಮೇಲೆ ಇಟ್ಟಿದ್ದಾಳೆ. "ಉಜ್ಜಿ ಸ್ವಾಮಿ, ಎಷ್ಟಾದ್ರೂ ಉಜ್ಜಿ" ಎನ್ನುತ್ತಾಳೆ. ಅವರು ಉಜ್ಜುತ್ತಾರೆ, ಏನೂ ಬಿಡುವುದಿಲ್ಲ, ಬೆರಗಾಗುತ್ತಾರೆ. ಇಷ್ಟು ಬಾಳಿಕೆ ಬರೋ ಹಾಗೆ ಮಾಡೋ ಯೋಚನೆ ಹೇಗೆ ಬಂತಮ್ಮಾ ಎಂದು ಯಾರಾದರೂ ಕೇಳಿದರೆ, ಚನ್ನಾಜಮ್ಮ ಕೆಲಸದಿಂದ ತಲೆ ಎತ್ತದೆ ಉತ್ತರ ಕೊಡುತ್ತಾಳೆ:

"ನರ್ಸಮ್ಮ ಒಬ್ರು ಕೇಳಿದ್ರು, ಅದ್ಕೇ ಮಾಡ್ದೆ."

ಗ್ಲಾಡಿಸ್ ಕೇಳಿದ್ದು ಇದನ್ನಲ್ಲ.