ರನ್ ಬಂದರೆ ಊದುವ ಹಾಡು

ಹೊಡೆಯಲು ಬಾರದಿದ್ದರೆ ಬ್ಯಾಟನ್ನು ಒಲೆಗೆ ಹಾಕಿ ಅನ್ನವನ್ನಾದರೂ ಬೇಯಿಸಿಕೊಳ್ಳಲಿ ಎಂದು ಆ ಏಪ್ರಿಲ್‌ನಲ್ಲಿ ನಾನು ಎಷ್ಟು ಸಲ ಹೇಳಿದೆನೋ. ನಮ್ಮ ಶಿಯೊಮಿ ಪೆಲಿಕನ್ಸ್ ಬೇಸ್‌ಬಾಲ್ ತಂಡ ಋತು ಶುರುವಾದ ಮೇಲೆ ಊರ ಮೈದಾನದಲ್ಲಿ ಒಂದೇ ಒಂದು ರನ್ ಗಳಿಸಿರಲಿಲ್ಲ. ಚೆರ್ರಿ ಹೂ ಅರಳಿತು, ಉದುರಿತು, ಗುಡಿಸಿಯೂ ಆಯಿತು. ಸ್ಕೋರ್ ಬೋರ್ಡಿನಲ್ಲಿ ಮಾತ್ರ ಸೊನ್ನೆಯ ಪಕ್ಕದಲ್ಲಿ ಸೊನ್ನೆ. ನನ್ನ ಉದೋನ್ ನೂಡಲ್ಸ್ ಅಂಗಡಿಗೆ ಬಂದವರು ಸೂಪು ಹೀರಿ ನಿಟ್ಟುಸಿರು ಬಿಡುತ್ತಿದ್ದರು. "ಯಾಕೆ, ಉಪ್ಪು ಕಮ್ಮಿ ಆಯ್ತಾ?" ಎಂದು ಕೇಳಿದರೆ, "ಅಲ್ಲ ಮಿತ್ಸುಯೊ ಅಕ್ಕ, ಕುನಿಮಾತ್ಸು" ಎನ್ನುತ್ತಿದ್ದರು. ಕುನಿಮಾತ್ಸು ನಮ್ಮ ನಾಲ್ಕನೆಯ ಬ್ಯಾಟರ್. ಹೊಡೆಯಲಿ ಎಂದೇ ಸಾಕಿಕೊಂಡಿರುವ ಆಳು.

ಭಾನುವಾರ ಬೆಳಿಗ್ಗೆ ತೊಕುಶಿಗೆ ಅಣ್ಣ ಅಂಗಡಿಗೆ ಬಂದರು. ದೋಣಿ ನಿಲ್ದಾಣದಲ್ಲಿ ಟಿಕೆಟ್ ನೋಡುವ ಕೆಲಸದಿಂದ ನಿವೃತ್ತರಾದವರು. ಮೈದಾನದ ಬಲಬದಿಯ ಸ್ಟ್ಯಾಂಡಿನಲ್ಲಿ ನಾನು ಡೋಲು ಬಡಿದರೆ ಅವರು ಟ್ರಂಪೆಟ್ ಊದುತ್ತಾರೆ. ನಮ್ಮಲ್ಲಿ ಪ್ರತಿ ಬ್ಯಾಟರ್‌ಗೂ ಅವನದೇ ಹಾಡು ಇದೆ. ಅದೆಲ್ಲದರ ಮೇಲೆ ರನ್ ಬಂದಾಗ ಮಾತ್ರ ಊದುವ ಹಾಡು ಒಂದಿದೆ. ಅದನ್ನು ಕಟ್ಟಿದ್ದೇ ತೊಕುಶಿಗೆ ಅಣ್ಣ, ಅವರ ಕೂದಲು ಕಪ್ಪಗಿದ್ದ ಕಾಲದಲ್ಲಿ.

ಅವರು ಉಪ್ಪಿನಕಾಯಿಯ ಮೂಲಂಗಿಯನ್ನು ಪಕ್ಕಕ್ಕೆ ತಳ್ಳಿ, ನೂಡಲ್ಸನ್ನು ಮಾತ್ರ ಮೆಲ್ಲಗೆ ನುಂಗಿದರು.

"ನಾಳೆ ಹಲ್ಲು ಕೀಳ್ತಾರೆ ಮಿತ್ಸುಯೊ-ಸಾನ್. ಮುಂದಿನವೆಲ್ಲ. ವಸಡು ಕೊಳೆತು ಹೋಗಿದೆಯಂತೆ."

"ಕಟ್ಟಿಸಿದ ಹಲ್ಲು ಹಾಕ್ಕೊಂಡು ಊದೋಕಾಗಲ್ವಾ?"

"ನಿಲ್ಲಲ್ವಂತೆ." ಅವರು ಬಟ್ಟಲಿನೊಳಗೆ ನೋಡುತ್ತಾ ಹೇಳಿದರು. "ಕಪ್ ಗೆಲ್ಲಲಿ ಅಂತ ನಾನೇನೂ ಕೇಳ್ತಿಲ್ಲ. ಒಂದೇ ಒಂದು ರನ್. ಆ ಹಾಡನ್ನ ಒಂದ್ಸಲ ಊದಿ ಇಟ್ಟುಬಿಡೋಣ ಅಂತ."

ನಾನು ಅವರ ಬಟ್ಟಲಿಗೆ ಇನ್ನಷ್ಟು ಸೂಪು ಸುರಿದೆ. ಸುರಿಯುತ್ತಲೇ ಕುನಿಮಾತ್ಸುವನ್ನು ಬೈದೆ. ಅಣ್ಣ ಎಂದಿನಂತೆ ನಕ್ಕರು. ಇಷ್ಟು ವರ್ಷಗಳಲ್ಲಿ ಅವರು ಒಬ್ಬ ಆಟಗಾರನನ್ನೂ ಬೈದದ್ದು ನಾನು ಕೇಳಿಲ್ಲ. ಬೈಯಲು ಬಾಯಿ ಖಾಲಿ ಇರಬೇಕಲ್ಲ, ಅವರ ಬಾಯಿ ಸದಾ ಟ್ರಂಪೆಟ್ಟಿಗೆ ಅಂಟಿಕೊಂಡಿರುತ್ತಿತ್ತು.

ಮಧ್ಯಾಹ್ನ ಸ್ಟ್ಯಾಂಡಿಗೆ ಹೋದರೆ ಅಲ್ಲಿ ಬೇರೆಯೇ ರಾಮಾಯಣ. ತಂಡವನ್ನು ಹುರಿದುಂಬಿಸುವ ನಮ್ಮ ಗುಂಪಿನ ನಾಯಕ ಕುರಾಮೊಚಿ, ಮೀನಿನ ಲಾರಿ ಓಡಿಸುವವನು, ಬಿಳಿ ಕೈಗವಸು ತೊಟ್ಟು ಮೆಟ್ಟಿಲ ಮೇಲೆ ನಿಂತಿದ್ದ.

"ಇವತ್ತು ಹಾಡೂ ಇಲ್ಲ, ಡೋಲೂ ಇಲ್ಲ. ನಮ್ಮೋರು ಬ್ಯಾಟ್ ಮಾಡುವಾಗ್ಲೂ ಎಲ್ಲರೂ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ. ನಮ್ಮ ಬೇಜಾರು ಅವರಿಗೂ ಗೊತ್ತಾಗ್ಲಿ."

"ಇವತ್ತೇ ಆಗ್ಬೇಕೇನೋ ನಿನ್ನ ಮುಷ್ಕರ?" ಎಂದೆ. "ತೊಕುಶಿಗೆ ಅಣ್ಣಂಗೆ ನಾಳೆ ಹಲ್ಲು ಕೀಳ್ತಾರೆ. ಇವತ್ತು ಬಿಟ್ರೆ ಆ ಮನುಷ್ಯ ಇನ್ನು ಊದೋ ಹಾಗಿಲ್ಲ ಕಣೋ."

ಕುರಾಮೊಚಿಯ ಮುಖ ಸಣ್ಣಗಾಯಿತು. "ಅಕ್ಕ, ಎಲ್ಲರೂ ಕೈಯೆತ್ತಿ ಒಪ್ಪಿದ್ದಾರೆ. ಈಗ ಹೇಗೆ..."

"ಬಿಡಿ ಮಿತ್ಸುಯೊ-ಸಾನ್, ಎಲ್ಲರಿಗೂ ಒಂದೇ ನಿಯಮ" ಎಂದು ತೊಕುಶಿಗೆ ಅಣ್ಣ ಟ್ರಂಪೆಟ್ಟಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಜಿಪ್ಪು ತೆಗೆಯಲಿಲ್ಲ.

ಆಟ ಶುರುವಾಯಿತು. ಎದುರಾಳಿಗಳ ಕಡೆ ಹಾಡೇ ಹಾಡು. ನಮ್ಮ ಸರದಿ ಬಂದಾಗ ಸತ್ತ ಮನೆಯ ಹಾಗೆ ಮೌನ. ಕೈ ಎಲ್ಲಿಟ್ಟುಕೊಳ್ಳಬೇಕೆಂದು ಯಾರಿಗೂ ತಿಳಿಯದೆ ಕೆಲವರು ಊಟದ ಡಬ್ಬಿ ಬಿಚ್ಚಿದರು, ಕೆಲವರು ತೂಕಡಿಸಿದರು. ಕುರಾಮೊಚಿ ಮಾತ್ರ ನಿಯಮದಂತೆ ಮೈದಾನಕ್ಕೆ ಬೆನ್ನು ಹಾಕಿ, ನಮ್ಮತ್ತ ಮುಖ ಮಾಡಿ ನಿಂತೇ ಇದ್ದ. ನಾಯಕನಾದವನು ಆಟ ನೋಡುವ ಹಾಗಿಲ್ಲ, ಜನರನ್ನು ನೋಡಬೇಕು. ಪಾಪ, ನಮ್ಮ ಮುಖ ನೋಡಿಯೇ ಅವನಿಗೆ ಆಟ ಗೊತ್ತಾಗಬೇಕು.

ಆ ಮೌನದಲ್ಲಿ ಕುನಿಮಾತ್ಸು ಬ್ಯಾಟ್ ಬೀಸಿದ ಸದ್ದು ನಮ್ಮವರೆಗೂ ಕೇಳಿಸಿತು. ಬರೀ ಗಾಳಿಯ ಸದ್ದು. ಹಿಂದಿನ ಸಾಲಿನ ಮುದುಕನೊಬ್ಬ ನಿಯಮ ಮರೆತು ಕೂಗಿದ: "ಲೋ, ಸೆಕೆ ಆಗ್ತಿದ್ರೆ ಬೀಸಣಿಗೆ ತಗೊಳ್ಳೋ!" ಯಾರೂ ನಗಲಿಲ್ಲ. ನಗುವಷ್ಟು ತ್ರಾಣವೂ ಉಳಿದಿರಲಿಲ್ಲ. ಅಷ್ಟರಲ್ಲಿ ಎದುರಾಳಿಗಳು ಆರು ರನ್ ಬಾರಿಸಿದ್ದರು.

ಕೊನೆಯ ಇನ್ನಿಂಗ್ಸ್ ಹೊತ್ತಿಗೆ ಅರ್ಧ ಜನ ಎದ್ದು ಹೋಗಿದ್ದರು. ನಮ್ಮವರು ಇಬ್ಬರು ಆಗಲೇ ಔಟಾಗಿದ್ದರು, ಮೂರನೆಯವನು ಔಟಾದರೆ ಆಟ ಮುಗಿದಂತೆ. ಆಗ ಎದುರಾಳಿಯ ಪಿಚರ್‌ಗೆ ಏನಾಯಿತೋ, ಚೆಂಡನ್ನು ಕಂಡಕಂಡಲ್ಲಿ ಎಸೆಯತೊಡಗಿದ. ಒಬ್ಬನಿಗೆ ಪುಕ್ಕಟೆ ಒಂದು ಬೇಸ್, ಇನ್ನೊಬ್ಬನಿಗೂ, ಮತ್ತೊಬ್ಬನಿಗೂ. ಬ್ಯಾಟಿಗೆ ಚೆಂಡು ತಾಕದೆಯೇ ಮೂರೂ ಬೇಸ್‌ಗಳಲ್ಲಿ ನಮ್ಮವರು ನಿಂತರು. ಇನ್ನೊಬ್ಬನಿಗೆ ಪುಕ್ಕಟೆ ಸಿಕ್ಕರೆ ಸಾಕು, ಎಲ್ಲರೂ ಒಂದೊಂದು ಬೇಸ್ ಮುಂದೆ ಸರಿದು ಎಲ್ಲರಿಗಿಂತ ಮುಂದಿರುವವನು ಮನೆ ಸೇರುತ್ತಾನೆ, ಒಂದು ರನ್ ಬರುತ್ತದೆ. ಬಂದವನು ಕುನಿಮಾತ್ಸು.

ಅವನು ಬ್ಯಾಟ್ ಹಿಡಿದು ಒಮ್ಮೆ ನಮ್ಮ ಸ್ಟ್ಯಾಂಡಿನತ್ತ ತಿರುಗಿ ನೋಡಿದ. ಹಾಡು ಬರಲಿಲ್ಲ. ತೊಕುಶಿಗೆ ಅಣ್ಣನ ಬೆರಳುಗಳು ಚೀಲದ ಮೇಲೆ ಅವನ ಹಾಡಿನ ತಾಳ ಹಾಕುತ್ತಿದ್ದವು.

ಪಿಚರ್ ಎಸೆದ. ಚೆಂಡು ಸೀದಾ ಬಂದದ್ದು ಕುನಿಮಾತ್ಸುವಿನ ಕಡೆಗೆ. ಅವನು ಗಾಬರಿಯಿಂದ ತಿರುಗಿದ. ತಿಂಗಳಿಡೀ ಬ್ಯಾಟಿಗೆ ಸಿಗದ ಚೆಂಡು ಅವನ ಕುಂಡಿಗೆ ಬಡಿಯಿತು. ಮೈಗೆ ಚೆಂಡು ಬಿದ್ದವನಿಗೂ ಬೇಸ್ ಪುಕ್ಕಟೆ, ಅಂಪೈರ್ ಮೊದಲ ಬೇಸಿನತ್ತ ಕೈ ತೋರಿಸಿದ.

ಕುರಾಮೊಚಿ ನಮ್ಮ ಮುಖಗಳನ್ನು ನೋಡಿ ಕಣ್ಣರಳಿಸಿದ. "ಏನಾಯ್ತು ಅಕ್ಕ? ಹೊಡೆದ್ನಾ?"

"ಹೊಡೆಸ್ಕೊಂಡ ಕಣೋ!" ಎಂದೆ. "ರನ್ ಬಂತು!"

ಇಂಥ ದರಿದ್ರ ರನ್ನನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಆದರೂ ರನ್ ರನ್ನೇ. ಕುರಾಮೊಚಿ "ಬೇಡ" ಎನ್ನುವಂತೆ ಕೈಗವಸಿನ ಅಂಗೈ ಎತ್ತಿದ. ತೊಕುಶಿಗೆ ಅಣ್ಣನ ಕೈ ಜಿಪ್ಪಿನ ಮೇಲೆ ಹೋಗಿ ಅಲ್ಲೇ ನಿಂತಿತು. ಆ ಮನುಷ್ಯ ನಿಯಮ ಮುರಿಯುವವರಲ್ಲ. ನಾನು ಮೂರು ಪೆಟ್ಟು ಹಾಕದೆ ಅವರು ಊದುವುದೂ ಇಲ್ಲ, ನಮ್ಮಲ್ಲಿ ಹಾಡು ಶುರುವಾಗುವುದು ಡೋಲಿನಿಂದ.

ಹಾಳಾಗಿ ಹೋಗಲಿ ಮುಷ್ಕರ. ಎದ್ದು ನಿಂತು ಬಡಿದೆ. ಒಂದು. ಎರಡು. ಮೂರು.

ಕುರಾಮೊಚಿ ನನ್ನನ್ನು ಕೆಂಗಣ್ಣಿನಿಂದ ನೋಡಿದ. ಆಮೇಲೆ ಅಣ್ಣನನ್ನು ನೋಡಿದ. ಎತ್ತಿದ್ದ ಕೈಯನ್ನು ಇಳಿಸಲಿಲ್ಲ, ಹಾಡು ನಡೆಸುವಾಗಿನಂತೆ ಮೆಲ್ಲಗೆ ಬೀಸತೊಡಗಿದ.

ತೊಕುಶಿಗೆ ಅಣ್ಣ ಊದಿದರು. ಮೊದಲ ಸಾಲು ನೆಟ್ಟಗೆ ಬಂತು. ಎರಡನೆಯ ಸಾಲಿನ ಮೇಲಿನ ಸ್ವರ ಒಡೆಯಿತು. ಅವರು ಕಣ್ಣು ಮುಚ್ಚಿ ಅದನ್ನೇ ಮತ್ತೆ ಹಿಡಿದರು, ಹಿಡಿದು ಕೊನೆಯವರೆಗೂ ತಂದರು. ಉಳಿದಿದ್ದ ಜನರೆಲ್ಲ ಎದ್ದು ದಣಿದ ದನಿಯಲ್ಲೇ ಜೊತೆಗೆ ಹಾಡಿದರು. ಮೊದಲ ಬೇಸಿನಲ್ಲಿ ಕುನಿಮಾತ್ಸು ಕುಂಡಿ ಉಜ್ಜಿಕೊಳ್ಳುತ್ತಾ ನಿಂತಿದ್ದ. ಅಣ್ಣ ಟ್ರಂಪೆಟ್ ಕೆಳಗಿಳಿಸಿದಾಗ ತುಟಿಯಲ್ಲಿ ರಕ್ತವಿತ್ತು.

ಮುಂದಿನವನು ಮೂರೇ ಚೆಂಡಿಗೆ ಔಟಾದ. ಸೋತೆವು. ಅಣ್ಣ ಟ್ರಂಪೆಟ್ಟನ್ನು ಒರೆಸಿ ಚೀಲದಲ್ಲಿಟ್ಟರು. ನಾನು ಡೋಲಿನ ಹಗ್ಗ ಬಿಚ್ಚಿದೆ.

ಸೋಮವಾರ ಆಟವಿಲ್ಲ. ಮಂಗಳವಾರ ಸಂಜೆ ಅವರು ಬರಲಾರರು ಎಂದುಕೊಂಡು ಒಬ್ಬಳೇ ಡೋಲು ಕಟ್ಟುತ್ತಿದ್ದೆ. ಬಂದರು. ಕೆನ್ನೆ ಊದಿತ್ತು, ಬಾಯಿ ಒಳಕ್ಕೆ ಬಿದ್ದು ಹತ್ತು ವರ್ಷ ಮುದುಕರಾಗಿದ್ದರು. ಕೈಯಲ್ಲಿ ಚೀಲ ಇರಲಿಲ್ಲ. ಪಕ್ಕದಲ್ಲಿ ಕುಳಿತು ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡರು. ಟ್ರಂಪೆಟ್ಟನ್ನು ಬೇರೆ ಯಾರೋ ಊದಿದರು, ನಾನು ತಾಳ ಹಾಕಿದೆ.

ಮೊದಲ ಇನ್ನಿಂಗ್ಸಿನಲ್ಲೇ ಕುನಿಮಾತ್ಸು ಗಾಳಿಗೆ ಬ್ಯಾಟ್ ಬೀಸಿ ಔಟಾದ. ಬೈಯಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಪಕ್ಕದಿಂದ, ಹಲ್ಲಿಲ್ಲದ ಬಾಯಿಂದ, ಒಂದು ಕೂಗು ಬಂತು:

"ಹೊಡಿಯೋಕೆ ಬರಲ್ವೇನೋ, ಕತ್ತೆ!"

ನನ್ನ ಕೈ ಡೋಲಿನ ಮೇಲೆ ಹಾಗೆಯೇ ನಿಂತುಹೋಯಿತು.