ಎಕ್ಸ್‌ರೇ ಮಾಣಿ ಕೂಸು ನೋಡಲು ಬಂದದ್ದು

ಅರವತ್ತೊಂಬತ್ತರ ಬೇಸಿಗೆ. ಹೊನ್ನಾವರದಿಂದ ಹುಡುಗನ ಕಡೆಯವರು ಹೆಣ್ಣು ನೋಡಲು ಹೊಳನಗದ್ದೆಗೆ ಬಂದು, ಅನಂತಮೂರ್ತಿಯವರ ಜಗಲಿಯಲ್ಲಿ ಕೂತು, ಶಿರಾ ತಿಂದು ಕೈ ತೊಳೆದ ಮೇಲೆ ಮಾತು ಶುರುವಾಯಿತು. ಜಾತಕ ಮೊದಲೇ ಕೂಡಿತ್ತು. ಹುಡುಗ ಹರಿಹರ ಭಟ್ಕಳದ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವವನು. ಅನಂತಮೂರ್ತಿಯವರ ಮಗಳು ಮಹಾಲಕ್ಷ್ಮೀ ಮುಂಬಯಿಯಲ್ಲಿ ಸೂರ್ಯನ ಎಕ್ಸ್‌ರೇ ಚಿತ್ರಗಳನ್ನು ಅಳೆಯುವವಳು. ಇಂಥ ಜೋಡಿ ಹುಡುಕಿದರೂ ಸಿಗದು ಅನ್ನುತ್ತೀರಿ. ಅನಂತಮೂರ್ತಿಯವರೂ ಹಾಗೇ ಅಂದುಕೊಂಡಿದ್ದರು.

“ಕೂಸಿಂದು ಎಕ್ಸ್‌ರೇ ಕೆಲಸ ಅಲ್ದ,” ಎಂದರು ಹುಡುಗನ ತಾಯಿ ಶ್ರೀಮತಿಯಮ್ಮ. “ನಾಳೆ ಮಕ್ಕ ಆಗ್ತ್ವೋ ಇಲ್ಯೋ ಯಾರಿಗೆ ಗೊತ್ತಿದ್ದು? ಡಾಕ್ಟರ ಸರ್ಟಿಫಿಕೇಟು ತರವು. ಕೆಲಸನೂ ಬಿಡವು.”

ಮಹಾಲಕ್ಷ್ಮೀಗೆ ಮೈಯೆಲ್ಲ ಉರಿದುಹೋಯಿತು. ಆದರೂ ಸಿಟ್ಟು ನುಂಗಿಕೊಂಡು ಬಿಡಿಸಿ ಹೇಳಿದಳು. ಸೂರ್ಯನ ಮೇಲೆ ಆಗಾಗ ಭಾರೀ ಸ್ಫೋಟಗಳಾಗುತ್ತವೆ. ಆಗ ಹೊರಡುವ ಎಕ್ಸ್‌ರೇ ಮೇಲಿನ ಗಾಳಿಯಲ್ಲೇ ತಡೆದುಹೋಗುತ್ತದೆ, ನೆಲ ಮುಟ್ಟುವುದಿಲ್ಲ. ಅದಕ್ಕೇ ಪರದೇಶದವರು ದೂರದರ್ಶಕವನ್ನು ರಾಕೆಟ್ಟಿನಲ್ಲಿಟ್ಟು ಮೇಲೆ ಹಾರಿಸುತ್ತಾರೆ. ಆ ಕಿರಣ ಕನ್ನಡಿಗೆ ನೇರ ಬಡಿದರೆ ಒಳಗೇ ಇಂಗಿಹೋಗುತ್ತದೆ. ಹೊಳೆಯ ನೀರಿಗೆ ಚಪ್ಪಟೆ ಕಲ್ಲು ಬೀಸಿದ ಹಾಗೆ ಓರೆಯಾಗಿ ಸವರಿದರೆ ಮಾತ್ರ ಪುಟಿದು ಫಿಲ್ಮಿನ ಮೇಲೆ ಬೀಳುತ್ತದೆ. ಅದರ ಪ್ರತಿ ಮುಂಬಯಿಗೆ ಬರುತ್ತದೆ. ಅದರಲ್ಲಿ ಸ್ಫೋಟ ಎಷ್ಟು ಹರಡಿದೆ ಎಂದು ಅಳೆಯುವುದು ಅವಳ ಕೆಲಸ.

“ನಾ ಮುಟ್ಟದು ಬರೇ ಫೋಟೋ. ಅದರಲ್ಲಿ ಎಕ್ಸ್‌ರೇ ಇರ್ತಿಲ್ಲೆ.”

“ಅದೆಲ್ಲ ನಂಗೆ ತಿಳಿತಿಲ್ಲೆ. ಕೆಲಸ ಬಿಟ್ರೆ ಆತು.”

“ಅದಕ್ಕೆಂತ, ಬಿಡಿಸಿದ್ರಾತು,” ಎಂದುಬಿಟ್ಟರು ಅನಂತಮೂರ್ತಿ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಲಿತ ವಿದ್ಯೆ, ಹೆಂಗಸರಲ್ಲಿ ಯಾರಿಗೋ ಒಬ್ಬರಿಗೆ ಸಿಗುವ ಕೆಲಸ. ಮೈಲಿಗೆ ಬಟ್ಟೆ ಬಿಚ್ಚಿಟ್ಟಷ್ಟು ಸಲೀಸು ಇವರಿಗೆ!

ಮಹಾಲಕ್ಷ್ಮೀ ಹರಿಹರನ ಕಡೆ ತಿರುಗಿದಳು. ದಿನವೂ ಯಂತ್ರದ ಪಕ್ಕ ನಿಲ್ಲುವವನು, ಅವನಿಗಾದರೂ ತಿಳಿದಿರಲೇಬೇಕು.

“ನೀವು ಹೇಳಿ. ಫೋಟೋ ನೋಡಿದ್ರೆ ಎಂತಾರೂ ಆಗ್ತ?”

ಹರಿಹರ ಲೋಟದ ತಳದ ಕಾಫಿಯನ್ನೇ ನೋಡುತ್ತ ಕೂತ.

“ಹಂಗಾರೆ ನಿಮ್ಮ ಸರ್ಟಿಫಿಕೇಟು ಎಲ್ಲಿದ್ದು? ಯಂತ್ರದ ಹತ್ರ ನಿಲ್ಲವ್ರು ನೀವು!”

“ಮಾಣಿಗೆ ಹಿಂಗೆಲ್ಲ ಕೇಳದು ಎಲ್ಲಾರೂ ಇದ್ದ?” ಶ್ರೀಮತಿಯಮ್ಮ ಸೆರಗು ಕೊಡವಿ ಎದ್ದರು. ಎಕ್ಸ್‌ರೇ ಏನು ಗಂಡು ಹೆಣ್ಣು ವಿಚಾರಿಸಿಕೊಂಡು ಬಡಿಯುತ್ತದೆಯೇ?

ಎಲ್ಲರೂ ಅಂಗಳಕ್ಕಿಳಿದರು. ಚಪ್ಪಲಿ ಮೆಟ್ಟುವ ನೆಪದಲ್ಲಿ ಹರಿಹರ ಹಿಂದೆ ಉಳಿದ.

“ನಿಂಗೆ ಎಂತ ತೊಂದ್ರೆನೂ ಇಲ್ಲೆ ಹೇಳಿ ನಂಗೆ ಗೊತ್ತಿದ್ದು. ಅಮ್ಮನ ಎದುರು ಹೆಂಗೆ ಹೇಳದು? ಈಗ ಕೆಲಸ ಬಿಡು. ಆಮೇಲೆ ನೋಡನ.”

ಮಹಾಲಕ್ಷ್ಮೀಯೂ ಬಹುವಚನ ಬಿಟ್ಟಳು.

“ನಿನ್ನ ಅಮ್ಮಂಗೆ ಗೊತ್ತಿಲ್ಲೆ, ಹೆದರಿದ್ದು. ನಿಂಗೆ ಗೊತ್ತಿದ್ದೂ ಸುಮ್ಮನೆ ಕೂತೆ. ನಿನ್ನ ಜೊತಿಗೆ ನಾ ಬತ್ತಿಲ್ಲೆ.”

ಅವರ ಕಾರು ತಿರುವು ದಾಟಿದ್ದೇ ಅನಂತಮೂರ್ತಿಯವರು ತಲೆ ಮೇಲೆ ಕೈ ಹೊತ್ತು ಕೂತರು.

“ಕೆಲಸ ಬಿಡ್ತೆ ಹೇಳಿ ಒಂದು ಮಾತು ಅಂದಿದ್ರೆ ಎಂತ ಗಂಟು ಹೋಗ್ತಿತ್ತು ಮಗಾ? ಆ ಕೆಲಸದಲ್ಲಿ ಎಂತ ಅಪಾಯನೂ ಇಲ್ಲೆ ಹೇಳಿ ನಂಗೆ ಗೊತ್ತಿಲ್ಯ? ನೀನೇ ಎಷ್ಟು ಸಲ ಹೇಳಿದ್ದೆ!”

“ನಿಂಗೂ ಗೊತ್ತಿತ್ತು, ಅಪ್ಪಯ್ಯ,” ಎಂದಳು ಮಹಾಲಕ್ಷ್ಮೀ.

ಅನಂತಮೂರ್ತಿಯವರಿಗೆ ಮಗಳ ಮುಖ ನೋಡಲಾಗಲಿಲ್ಲ.