ಏಳನೇ ಕೋಣೆಯ ಎಡಗಡೆ

"ನಿನ್ನ ಭಾವ ಒಂದು ದಿನಾನೂ ಈ ಕಡೆ ತಲೆ ಹಾಕಿಲ್ಲ ಕಣೇ," ಎಂದಳು ಅಕ್ಕ.

ಭಾವ ಅಲ್ಲೇ ಇದ್ದರು. ಅವಳ ಮಂಚದ ಎಡಗಡೆ, ಬಾಗಿಲ ಪಕ್ಕದ ಬೆಂಚಿನ ಮೇಲೆ, ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಮಂಚಕ್ಕೂ ಬೆಂಚಿಗೂ ನಡುವೆ ನಾಲ್ಕು ಅಡಿ. ಅಂದಾಜಲ್ಲ, ಸರಿಯಾಗಿ ನಾಲ್ಕು ಅಡಿ. ಆ ಕಟ್ಟಡದ ನಕ್ಷೆ ಬರೆದವಳು ನಾನೇ. ನಾನು ಮಂಚದ ಬಲಗಡೆ, ಬಚ್ಚಲಿನ ಗೋಡೆಗೂ ಮಂಚಕ್ಕೂ ನಡುವಿನ ಸಂದಿಯಲ್ಲಿ ಅಡ್ಡಡ್ಡ ನಿಂತಿದ್ದೆ. ಭಾವನ ಕಡೆ ನೋಡಿದೆ. ಅವರು ಡಬ್ಬಿಯ ಮುಚ್ಚಳ ನೋಡಿದರು.

ಜಗಳ ಇನ್ನೂ ಮುಗಿದಿಲ್ಲ ಅಂದುಕೊಂಡೆ. ಅಕ್ಕ ದರ್ಜಿ, ಬಾಯಿ ಜೋರು. ಭಾವ ಗಡಿಯಾರ ರಿಪೇರಿ ಮಾಡುವವರು, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಅಕ್ಕನ ಮಿದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿದ ಬೆಳಿಗ್ಗೆ, ಅದಕ್ಕೆ ಅರ್ಧ ಗಂಟೆ ಮುಂಚೆ, ಭಾವ ತಮ್ಮ ಆ ದಿನದ ಮಾತನ್ನೆಲ್ಲ ಒಟ್ಟಿಗೆ ಖರ್ಚು ಮಾಡಿ, "ಸಾಕು, ಅಂಗಡಿ ಮುಚ್ಚು, ಕಣ್ಣು ಹಾಳಾಗ್ತಿದೆ" ಅಂದಿದ್ದರಂತೆ. "ಇನ್ನು ನಿಮ್ಮ ಮುಖ ನೋಡಿದ್ರೆ ಕೇಳಿ" ಅಂದಳಂತೆ ಇವಳು. ಆಮೇಲೆ ಕೈಯಿಂದ ಕತ್ತರಿ ಜಾರಿ ಬಿತ್ತು.

ಎಂಟು ದಿನ ದೊಡ್ಡಾಸ್ಪತ್ರೆಯಲ್ಲಿ ಮಂಪರಿನಲ್ಲೇ ಇದ್ದವಳನ್ನು ಈ ಚೇತರಿಕೆ ಕೇಂದ್ರಕ್ಕೆ ಸೇರಿಸಿದ್ದು ನಾನು, ಯಾರ್ಯಾರಿಗೋ ಫೋನು ಮಾಡಿ, ಹಟ ಹಿಡಿದು. ನನ್ನ ಕಟ್ಟಡವಲ್ಲವೇ! ಮಿದುಳಿಗೆ ಪೆಟ್ಟಾದವರಿಗಾಗಿಯೇ ಕಟ್ಟಿದ್ದು. ಯಾವ ಬೆಳಕಿನಲ್ಲಿ ನಾಡಿ ಇಳಿಯುತ್ತದೆ, ಯಾವ ಸದ್ದಿಗೆ ಹುಬ್ಬು ಗಂಟಾಗುತ್ತದೆ, ಮರದ ಗೋಡೆ ಮುಟ್ಟಿದರೆ ಅಂಗೈ ಬೆವರು ಎಷ್ಟು ಹೊತ್ತಿಗೆ ಆರುತ್ತದೆ, ಎಲ್ಲ ಅಳೆದಿದ್ದೆ. ನರವಿಜ್ಞಾನಿಗಳ ಜೊತೆ ಸೇರಿ ನಲವತ್ತು ಜನರ ತಲೆಗೆ ಮಿದುಳಿನ ಅಲೆ ಅಳೆಯುವ ತಂತಿಗಳ ಟೋಪಿ ಹಾಕಿ, ರಟ್ಟಿನ ಮಾದರಿ ಕೋಣೆಗಳಲ್ಲಿ ಓಡಾಡಿಸಿದ್ದೆವು. ನಲವತ್ತೂ ಜನ ಕಾಲೇಜು ವಿದ್ಯಾರ್ಥಿಗಳು, ಕಲ್ಲು ತಿಂದು ಅರಗಿಸಿಕೊಳ್ಳುವ ವಯಸ್ಸಿನವರು. ಅದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಪ್ರಶಸ್ತಿಯೂ ಬಂತು. ಅಕ್ಕನನ್ನು ಏಳನೇ ಕೋಣೆಯಲ್ಲಿ ಮಲಗಿಸಿ, ನಾನು ಐದು ದಿನ ಬೇರೆ ಊರಿಗೆ ಭಾಷಣ ಮಾಡಲು ಹೋದೆ. ವಿಷಯ ಇದೇ ಕಟ್ಟಡ.

"ನೀರು ಬೇಕಾ?" ಎಂದರು ಭಾವ, ಮೆಲ್ಲಗೆ.

ಅಕ್ಕ ಬಲಕ್ಕೆ, ನನ್ನ ಹಿಂದಿನ ಗೋಡೆಯತ್ತ ತಿರುಗಿ "ಬೇಡ" ಎಂದಳು. ಆಮೇಲೆ ನನಗೆ, "ಪಕ್ಕದ ಕೋಣೆಯವರ ದನಿ ಥೇಟ್ ನಿನ್ನ ಭಾವನ ಹಾಗೇ ಇದೆ, ನೋಡು" ಅಂದಳು.

ಅವಳ ಮುಂದಿನ ತಟ್ಟೆ ನೋಡಿದೆ. ಬಲ ಅರ್ಧ ಖಾಲಿ, ಎಡ ಅರ್ಧದಲ್ಲಿ ಅನ್ನ ಹಾಗೇ ಇತ್ತು. "ಇಷ್ಟೇ ಇಷ್ಟು ಕೊಡ್ತಾರೆ, ಜಿಪುಣರು," ಎಂದಳು. ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದೆ; ಅವಳು ಉಳಿದ ಅನ್ನಕ್ಕೆ ಕೈ ಹಾಕಿದಳು.

ಗೊತ್ತಿಲ್ಲದ ವಿಷಯವೇನಲ್ಲ. ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಎಡಗಡೆ ಅನ್ನುವುದೇ ಇಲ್ಲವಾಗುತ್ತದೆ. ಕಣ್ಣು ಚೆನ್ನಾಗಿರುತ್ತದೆ, ಕಿವಿ ಚೆನ್ನಾಗಿರುತ್ತದೆ. ಎಡಗಡೆಯದು ಮಾತ್ರ ಲೆಕ್ಕಕ್ಕೆ ಬರುವುದಿಲ್ಲ, ಬರುತ್ತಿಲ್ಲ ಎಂಬುದೂ ಅವರಿಗೆ ತಿಳಿಯುವುದಿಲ್ಲ. ಮೂರು ದಿನದ ಕೆಳಗೆ ಇನ್ನೂರು ಜನರ ಮುಂದೆ ನಾನೇ ಇದನ್ನು ವಿವರಿಸಿದ್ದೆ, ಇಪ್ಪತ್ತಮೂರನೇ ಚಿತ್ರ ತೋರಿಸುತ್ತಾ. ಇಪ್ಪತ್ತನಾಲ್ಕನೆಯದು ಈ ಕೋಣೆಯ ಫೋಟೋ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆದಿರಲಿಲ್ಲ. ಎಂಥಾ ಬುದ್ಧಿವಂತೆ ನಾನು!

ಏಳನೇ ಕೋಣೆಯಲ್ಲಿ ಮಲಗಿದವರಿಗೆ ಬಾಗಿಲು ಎಡಕ್ಕೆ, ಬೆಂಚು ಎಡಕ್ಕೆ, ಓಡಾಡುವವರನ್ನು ತೋರಿಸುವ ಗಾಜು ಎಡಕ್ಕೆ. ಬಲಕ್ಕೆ ಬಚ್ಚಲು, ಮತ್ತು ನನ್ನ ಪ್ರಸಿದ್ಧ ಮರದ ಗೋಡೆ. ಎಂಟನೇ ಕೋಣೆಯಲ್ಲಿ ಎಲ್ಲ ತಿರುಗುಮುರುಗು, ಏಕೆಂದರೆ ಎರಡೂ ಮಂಚಗಳ ತಲೆಗೆ ಒಂದೇ ಗೋಡೆ, ಅದರೊಳಗೆ ಇಬ್ಬರಿಗೂ ಒಂದೇ ಆಮ್ಲಜನಕದ ಕೊಳವೆ. ಏಳನ್ನು ಮೂರು ತಿಂಗಳು ಕೂತು ಬರೆದಿದ್ದೆ. ಎಂಟು, ಕಂಪ್ಯೂಟರಿನಲ್ಲಿ 'ಕನ್ನಡಿ' ಎನ್ನುವ ಗುಂಡಿ ಒತ್ತಿದ್ದಕ್ಕೆ ಎರಡು ಸೆಕೆಂಡಿನಲ್ಲಿ ಬಂತು. ಹಾಗೇ ಒತ್ತಿ ಒತ್ತಿ ಮೂವತ್ತು ಕೋಣೆ ಮಾಡಿದೆ. ಯಾವ ಕೋಣೆ ಯಾವ ಕಾಯಿಲೆಗೆ ಎಂದು ನಾನೂ ಕೇಳಲಿಲ್ಲ, ಹನ್ನೊಂದು ಸಭೆ ನಡೆಸಿದ ಕಟ್ಟಡ ಸಮಿತಿಯೂ ಕೇಳಲಿಲ್ಲ. ಸಮಿತಿ ಎರಡು ಸಭೆಗಳನ್ನು ಪರದೆಯ ಬಣ್ಣಕ್ಕೇ ಮೀಸಲಿಟ್ಟಿತ್ತು.

ಆಡಳಿತಾಧಿಕಾರಿಯ ಬಳಿಗೆ ಓಡಿದೆ. ಅಕ್ಕನನ್ನು ಎಂಟಕ್ಕೆ ಹಾಕಿ ಎಂದೆ.

"ಎಂಟು ಖಾಲಿ ಇಲ್ಲ ಮೇಡಂ."

"ಅಲ್ಲಿರೋರಿಗೆ ಏನಾಗಿದೆ?"

"ಮಾತು ನಿಂತಿದೆ. ಬೇರೇನಿಲ್ಲ."

"ಹಾಗಾದ್ರೆ ಅವರಿಗೆ ಬಾಗಿಲು ಯಾವ ಕಡೆ ಇದ್ರೂ ಒಂದೇ. ಅದಲು ಬದಲು ಮಾಡಿ."

"ಅವರ ಒಪ್ಪಿಗೆ ಬೇಕಾಗುತ್ತೆ."

"ಕೇಳಿ."

"ಮಾತು ನಿಂತಿದೆ ಅಂದ್ನಲ್ಲ ಮೇಡಂ." ಆಮೇಲೆ ಅವರು ಒಂದು ಕಡತ ತೆಗೆದು ನನ್ನ ಮುಂದಿಟ್ಟರು. "ಅಲ್ಲದೆ, ಎಲ್ಲಾ ಕೋಣೆಗಳೂ ಒಂದೇ ಸಮ ಅಂತ ನೀವೇ ಬರ್ಕೊಟ್ಟಿದ್ದೀರಿ. ಒಂದೇ ಸಮ ಇದ್ಮೇಲೆ ಬದಲಾಯಿಸೋದು ಯಾಕೆ?"

ಕೆಳಗೆ ನನ್ನ ಸಹಿ ಇತ್ತು. ಮೈಯೆಲ್ಲ ಉರಿದುಹೋಯಿತು, ಯಾರ ಮೇಲೆ ಕೂಗಾಡುವುದೆಂದು ಮಾತ್ರ ಗೊತ್ತಾಗಲಿಲ್ಲ.

ಹೊರಗಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಬಂದೆ. ಬಲಗಡೆಯ ಸಂದಿಗೆ ತುರುಕಲು ನೋಡಿದರೆ ಸಂದಿ ಒಂದೂಮುಕ್ಕಾಲು ಅಡಿ, ಕುರ್ಚಿ ಎರಡು. ಮಂಚ ಸರಿಸೋಣವೆಂದರೆ ಅದನ್ನು ನೆಲಕ್ಕೆ ಬಿಗಿದಿದೆ. ಸದ್ದು ಕೇಳಿ ದೊಡ್ಡ ಸಿಸ್ಟರ್ ಬಂದರು. "ಕೋಣೆಯೊಳಗೆ ಹೊರಗಿನ ಪೀಠೋಪಕರಣ ಇಡೋ ಹಾಗಿಲ್ಲ. ಬಾಗಿಲ ಹಿಂದೆ ಬರೆದಿದೆ, ಓದ್ಕೊಳ್ಳಿ," ಎಂದು ಕುರ್ಚಿಯನ್ನು ಎತ್ತಿಕೊಂಡೇ ಹೋದರು. ಓದಿಕೊಂಡೆ. ಆ ವಾಕ್ಯ ಬರೆದವಳೂ ನಾನೇ.

ಡಾಕ್ಟರಮ್ಮ ಸಿಕ್ಕಿದ್ದು ಮಧ್ಯಾಹ್ನ. "ಜನ ಎಡಗಡೆ ಇರೋದು ಒಂದು ರೀತೀಲಿ ಒಳ್ಳೇದೇ," ಎಂದರು. "ಗಮನ ಆ ಕಡೆ ಹರಿಯೋಕೆ ಅಭ್ಯಾಸ ಆಗ್ಬೇಕು."

"ಎಷ್ಟು ದಿನ ಹಿಡಿಯುತ್ತೆ?"

"ವಾರಗಳು. ಕೆಲವರಿಗೆ ತಿಂಗಳು. ನಿಮ್ಮ ಭಾವನಿಗೆ ಮೊದಲ ದಿನವೇ ಎಲ್ಲಾ ಹೇಳಿದ್ದೀನಿ. ತಲೆ ಆಡಿಸಿದ್ರು."

ತಲೆ ಆಡಿಸುವುದರಲ್ಲಿ ಭಾವನನ್ನು ಮೀರಿಸುವವರಿಲ್ಲ. ಮದುವೆಯಾದ ದಿನದಿಂದ ಅದನ್ನೇ ಮಾಡಿಕೊಂಡು ಬಂದಿದ್ದಾರೆ.

ಕೋಣೆಯ ಹೊರಗೆ ಅವರು ಚೀಲ ಹಿಡಿದು ನಿಂತಿದ್ದರು. ಚಪ್ಪಲಿ ಮೆಟ್ಟಿಯಾಗಿತ್ತು. "ನಾಳೆಯಿಂದ ಡಬ್ಬಿ ನೀನೇ ತಗೊಂಡ್ಬಾ. ನಾನು ಬರಲ್ಲ," ಎಂದರು.

"ಯಾಕೆ?"

"ಮುಖ ನೋಡಲ್ಲ ಅಂದಿದ್ಳು. ನೋಡ್ತಾ ಇಲ್ಲ. ನಾನು ಬಂದು ಕೂತಷ್ಟೂ ಅವಳಿಗೆ ಹಿಂಸೆ."

ನಾನು ವಿವರಿಸಿದೆ. ಮಿದುಳು, ಬಲಭಾಗ, ಗಮನ, ನರಗಳು. ಇನ್ನೂರು ಜನ ಚಪ್ಪಾಳೆ ತಟ್ಟಿದ್ದ ಅದೇ ಮಾತುಗಳು. ಭಾವ ತಲೆ ಆಡಿಸಿದರು. ಕೊನೆಗೆ, "ಕಣ್ಣು ಚೆನ್ನಾಗಿದೆ ಅಂತ ನೀನೇ ಅಂದ್ಯಲ್ಲ," ಎಂದು ಮೆಟ್ಟಿಲ ಕಡೆ ಹೆಜ್ಜೆ ಹಾಕಿದರು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಓಡಿಹೋಗಿ ಡಾಕ್ಟರಮ್ಮನ ಮೇಜಿನಿಂದ ಅಕ್ಕನ ಕಡತವನ್ನು ಹೆಚ್ಚುಕಡಿಮೆ ಕಿತ್ತುಕೊಂಡೇ ಬಂದೆ. ಅದರಿಂದ ಒಂದು ಹಾಳೆ ತೆಗೆದು ಅವರ ಮುಖಕ್ಕೆ ಹಿಡಿದೆ.

"ಗಡಿಯಾರ ಬರೀರಿ ಅಂತ ಡಾಕ್ಟರಮ್ಮ ಹೇಳಿದ್ರಂತೆ. ಇದು ಅಕ್ಕ ಬರೆದದ್ದು."

ದುಂಡನೆಯ ಗೆರೆ ಸರಿಯಾಗಿತ್ತು. ಒಂದರಿಂದ ಹನ್ನೆರಡರ ತನಕ ಅಂಕಿಗಳೆಲ್ಲ ಬಲ ಅರ್ಧದಲ್ಲೇ ಒಂದರ ಮೈಮೇಲೊಂದು ಬಿದ್ದಿದ್ದವು. ಎಡ ಅರ್ಧ ಬರೀ ಬಿಳಿ. ಭಾವ ಚೀಲ ಕೆಳಗಿಟ್ಟರು. ಕನ್ನಡಕ ಹಣೆಗೇರಿಸಿ, ಹಾಳೆಯನ್ನು ಕಣ್ಣಿನ ಹತ್ತಿರ ತಂದು, ಅಂಗಡಿಗೆ ಬಂದ ಗಡಿಯಾರ ನೋಡುವ ಹಾಗೆ ಬಹಳ ಹೊತ್ತು ನೋಡಿದರು.

"ಗಡಿಯಾರದವನ ಹೆಂಡತಿ ಇದನ್ನ ಬರೆದ್ಲಾ?"

"ಹೂಂ."

"ಸಿಟ್ಟಿಗೆ ಯಾರೂ ಹೀಗೆ ಬರೆಯಲ್ಲ." ಹಾಳೆಯ ಬಿಳಿ ಅರ್ಧದ ಮೇಲೆ ಬೆರಳಾಡಿಸಿದರು. "ಅವಳ ಕಾಲ ಕಡೆ ಹನ್ನೆರಡು ಅಂತ ಇಟ್ಕೋ. ನಾನು ಇಷ್ಟು ದಿನ ಎಷ್ಟು ಗಂಟೆಗೆ ಕೂತಿದ್ದೆ?"

"ಒಂಬತ್ತಕ್ಕೆ, ಭಾವ."

"ಬಚ್ಚಲ ಬಾಗಿಲು?"

"ಮೂರು."

ಅವರು ಚಪ್ಪಲಿ ಬಿಟ್ಟು ಒಳಗೆ ಹೋದರು. ಸಂದಿಯಲ್ಲಿ ಅಡ್ಡಡ್ಡ ನುಸುಳಿ ಬಚ್ಚಲಿಗೆ ಹೋಗಿ, ಬಕೆಟ್ಟನ್ನು ಬೋರಲು ಹಾಕಿ, ಹೊಸ್ತಿಲ ಮೇಲೆ ಎಳೆದುಕೊಂಡು ಕೂತರು. ಅಕ್ಕ ಗೋಡೆ ನೋಡುತ್ತಿದ್ದವಳು ಕಣ್ಣು ಹೊರಳಿಸಿದಳು.

"ಈಗ ಬಂದ್ರಾ!" ಎಂದಳು. "ಐದು ದಿನ. ಸತ್ತಿದ್ದೀನೋ ಬದುಕಿದ್ದೀನೋ ಅಂತಾನಾದ್ರೂ ನೋಡ್ಬಾರ್ದಾ? ಮುಖ ನೋಡಲ್ಲ ಅಂದೆ ಅಂತ ಬರ್ಲಿಲ್ಲ, ಅಲ್ವಾ? ಬಾಯಿಗೆ ಬಂದಿದ್ದು ಅಂದ್ರೆ ಅದನ್ನೇ ಹಿಡ್ಕೊಂಡು ಕೂರೋದಾ?"

ನಿಜ ಹೇಳಲು ನಾನು ಬಾಯಿ ತೆರೆದೆ. ದಿನಾ ಬಂದಿದ್ದಾರೆ ಕಣೇ, ಬೆಳಿಗ್ಗೆಯಿಂದ ಸಂಜೆತನಕ ನಿನ್ನ ಪಕ್ಕದಲ್ಲೇ ಕೂತಿದ್ದಾರೆ! ಭಾವ ನನ್ನತ್ತ ಒಂದು ನೋಟ ಬೀರಿದರು. ಸುಮ್ಮನಾದೆ.

"ತಪ್ಪಾಯ್ತು," ಎಂದರು ಅವರು. "ಅಂಗಡೀಲಿ ಕೆಲಸ ಇತ್ತು."

ಅಕ್ಕ ಅರ್ಧ ಗಂಟೆ ಬೈದಳು. ಭಾವ ಬಕೆಟ್ಟಿನ ಮೇಲೆ ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಕೂತು ಒಂದೊಂದು ಬೈಗುಳವನ್ನೂ ಕೇಳಿಸಿಕೊಂಡರು. ನನಗೆ ಅಳು ಬಂತು. ಅದರ ಜೊತೆಗೇ ಸಿಟ್ಟು, ಒಬ್ಬ ಮನುಷ್ಯ ತನ್ನ ಹೆಂಡತಿಗೆ ಕಾಣಿಸಬೇಕಾದರೆ ಬಚ್ಚಲ ಹೊಸ್ತಿಲಲ್ಲಿ ಬಕೆಟ್ಟಿನ ಮೇಲೆ ಕೂರುವಂತೆ ಮಾಡಿದ ಕಟ್ಟಡ ನನ್ನದಾಯಿತಲ್ಲ ಎಂದು. ದೊಡ್ಡ ಸಿಸ್ಟರ್ ಬಂದು ಬಕೆಟ್ಟನ್ನು ನೋಡಿದರು, ನನ್ನನ್ನು ನೋಡಿದರು. "ಬಕೆಟ್ ಬಚ್ಚಲ ಸಾಮಾನು. ಪೀಠೋಪಕರಣ ಅಲ್ಲ," ಎಂದು ಹೋದರು. ಆ ಕಟ್ಟಡದಲ್ಲಿ ನಾನು ಕೇಳಿದ ಮೊದಲ ಸರಿಯಾದ ಮಾತು ಅದು.

ಅಕ್ಕನ ಎಡಗಡೆಯ ವಿಷಯವನ್ನು ಡಾಕ್ಟರಮ್ಮ ದಿನಾ ಅವಳಿಗೆ ಹೇಳುತ್ತಿದ್ದರು. "ಹೌದಾ?" ಎನ್ನುತ್ತಿದ್ದಳು, ಬೇರೆ ಯಾರದೋ ಸುದ್ದಿ ಕೇಳಿದ ಹಾಗೆ. ನಾನು ಕೋಣೆಗಳ ಕಥೆ ಹೇಳಿಕೊಂಡಾಗ ಮಾತ್ರ ಥಟ್ಟನೆ ಅರ್ಥವಾಯಿತು.

"ಬಟ್ಟೆ ಮಡಚಿ ಕತ್ತರಿಸಿದ ಹಾಗೆ ಮಾಡಿದ್ಯಾ ಸ್ಕೇಲು?" ಎಂದಳು. ಚಿಕ್ಕಂದಿನಲ್ಲಿ ಅವಳ ಅಳತೆಕೋಲು ಹಿಡಿದು ಮನೆಯೆಲ್ಲ ಅಳೆಯುತ್ತಿದ್ದೆನೆಂದು ನಾನು ಅವಳಿಗೆ ಸ್ಕೇಲು. "ಅದೇನು ತಪ್ಪಲ್ಲ ಬಿಡು. ಅಂಗಿ ತೋಳು ನಾವೂ ಹಾಗೇ ಕತ್ತರಿಸೋದು. ಆದ್ರೆ ಆಮೇಲೆ ತೊಡಿಸಿ ನೋಡ್ತೀವಿ ಕಣೇ. ನೀನು ಯಾರಿಗೆ ತೊಡಿಸಿ ನೋಡಿದೆ?"

ನಲವತ್ತು ಗಟ್ಟಿಮುಟ್ಟಾದ ಹುಡುಗ ಹುಡುಗಿಯರಿಗೆ ಎಂದು ಹೇಳಲು ನಾಚಿಕೆಯಾಯಿತು.

ಅಂದು ಸಂಜೆಯೇ ಸಮಿತಿಗೆ ಕಾಗದ ಬರೆದೆ. ಬರುವವರ ಪೆಟ್ಟು ಯಾವ ಕಡೆಯದೆಂದು ನೋಡಿ ಕೋಣೆ ಕೊಡಿ, ಕಟ್ಟಡ ಒಡೆಯಬೇಕಾಗಿಲ್ಲ, ದಾಖಲಾತಿ ಪುಸ್ತಕದಲ್ಲಿ ಒಂದು ಕಾಲಂ ಸೇರಿಸಿದರೆ ಸಾಕು, ಎಂದು. ಹತ್ತು ದಿನಕ್ಕೆ ಉತ್ತರ ಬಂತು. "ತಮ್ಮ ಅಮೂಲ್ಯ ಸಲಹೆಯನ್ನು ಮುಂದಿನ ಕಟ್ಟಡದ ಸಂದರ್ಭದಲ್ಲಿ ಪರಿಶೀಲಿಸಲಾಗುವುದು." ಮುಂದಿನ ಕಟ್ಟಡವಂತೆ! ಕಾಗದವನ್ನು ಹರಿದು ನಾಲ್ಕು ಚೂರು ಮಾಡಿ, ಆಮೇಲೆ ಕಡತಕ್ಕೆ ಬೇಕಾಗುತ್ತದೆಂದು ಅಂಟಿಸಿಟ್ಟೆ. ಎಂಟನೇ ಕೋಣೆಗೆ ಅಷ್ಟರಲ್ಲಿ ಬೇರೆಯವರು ಬಂದಿದ್ದರು. ಆಡಳಿತಾಧಿಕಾರಿಯನ್ನು ಕೇಳಿದರೆ "ಸರದಿ ಪ್ರಕಾರ ಮೇಡಂ" ಅಂದರು.

ಭಾವ ಇದಾವುದನ್ನೂ ಕೇಳಲಿಲ್ಲ. ಅವರಿಗೆ ಅವರದೇ ಕೆಲಸವಿತ್ತು. ಡಾಕ್ಟರಮ್ಮನ ಜೊತೆ ಮಾತಾಡಿ, ದಿನಕ್ಕೆ ಒಂದು ಗೇಣಿನಂತೆ ಬಕೆಟ್ಟನ್ನು ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಸರಿಸತೊಡಗಿದರು, ಅಕ್ಕನ ಕಣ್ಣು ಅವರ ಹಿಂದೆ ಬರಲಿ ಎಂದು. ನಾನು ಅಕ್ಕನ ಅಂಗಡಿಯಿಂದ ದರ್ಜಿ ಸೀಮೆಸುಣ್ಣ ತಂದು ನೆಲದ ಮೇಲೆ ಗುರುತು ಹಾಕುತ್ತಿದ್ದೆ. ನೆಲ ಒರೆಸುವವಳು ಪ್ರತಿ ಬೆಳಿಗ್ಗೆ ಅಳಿಸುತ್ತಿದ್ದಳು. ನಾನು ಗೊಣಗುತ್ತಾ ಮತ್ತೆ ಅಳೆದು ಹಾಕುತ್ತಿದ್ದೆ. ಹೀಗೆ ಮಂಚದ ಕಾಲ ಬಳಿಗೆ, ಹನ್ನೆರಡಕ್ಕೆ, ಬಂದು ಸೇರುವಷ್ಟರಲ್ಲಿ ಎರಡೂವರೆ ವಾರ ಕಳೆಯಿತು. ಒಂಬತ್ತರ ಬೆಂಚು ಇನ್ನೂ ಎಲ್ಲೋ ದೂರದಲ್ಲಿತ್ತು. ಇನ್ನೊಂದು ದಿನ ಕಳೆದರೆ ಅಕ್ಕನನ್ನು ಮನೆಗೆ ಕಳಿಸುವವರಿದ್ದರು.

ಕೊನೆಯ ದಿನ ಭಾವ ಹನ್ನೆರಡನ್ನು ದಾಟಿ ಎಡಕ್ಕೆ ಒಂದು ಗೇಣು ಸರಿದು ಕೂತರು. ಅಕ್ಕ ಯಾರದೋ ಅಂಗಿಯ ಕಾಲರಿನ ಬಗ್ಗೆ ಹೇಳುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿದಳು.

"ನೋಡು ಸ್ಕೇಲು, ಎದ್ದು ಹೋದ್ರು. ಮಾತು ಮುಗಿಯೋ ತನಕ ಕೂರೋಕಾಗಲ್ಲ ಈ ಮನುಷ್ಯನಿಗೆ."

ಭಾವ ಅಲ್ಲಾಡದೆ ಹತ್ತು ಎಣಿಸುವಷ್ಟು ಹೊತ್ತು ಕಾದರು. ಅವಳ ಕಣ್ಣು ಹನ್ನೆರಡಕ್ಕೆ ಬಂದು ನಿಂತಿತು, ಮುಂದೆ ಬರಲಿಲ್ಲ. ಅವರು ಬಕೆಟ್ಟನ್ನು ಸದ್ದಾಗದಂತೆ ಎತ್ತಿ ಒಂದು ಗೇಣು ಹಿಂದಕ್ಕೆ ಇಟ್ಟುಕೊಂಡರು.

"ಬಂದೆ," ಎಂದರು.

"ಎಲ್ಲಿಗೆ ಹೋಗಿದ್ರಿ?"

"ಇಲ್ಲೇ. ನೀರು ಕುಡಿಯೋಕೆ."

ಅವಳು ಕಾಲರಿನ ಕಥೆ ಮುಂದುವರಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಭಾವ ಮತ್ತೆ ಎಡಕ್ಕೆ ಒಂದು ಗೇಣು ಸರಿದರು. ಮತ್ತೆ ಅವಳ ಮಾತು ನಿಂತಿತು, ಮತ್ತೆ ಅವರು ಕಾದು, ಹಿಂದಕ್ಕೆ ಬಂದು, ಅದೇ ಉತ್ತರ ಕೊಟ್ಟರು. ನಾನು ಸೀಮೆಸುಣ್ಣ ಹಿಡಿದು ನೆಲದ ಮೇಲೆ ಕೂತು, ಒಂದೊಂದಕ್ಕೂ ಒಂದು ಗೆರೆ ಎಳೆದೆ. ಸಂಜೆ ದೀಪ ಹಾಕುವ ಹೊತ್ತಿಗೆ ಎಣಿಸಿ ನೋಡಿದೆ. ಅವತ್ತು ಭಾವ ಹದಿನಾಲ್ಕು ಸಲ ನೀರು ಕುಡಿದಿದ್ದರು.